ಚಳಿಗಾಲದ ಟರ್ಕಿ ಕಡಲತೀರ: ಆಲ್ ಇನ್‌ಕ್ಲೂಸಿವ್ ರೆಸಾರ್ಟ್ ಆರಿಸುವಾಗ ಏನೇನು ವಿಚಾರಿಸಬೇಕು

ಬೇಸಿಗೆಯಲ್ಲಿ ಈಜುಕೊಳದ ಪಕ್ಕ ಒಂದು ಕುರ್ಚಿ ಸಿಗಬೇಕಾದರೆ ಬೆಳಗಾಗುವ ಮೊದಲೇ ಟವೆಲ್ ಹಾಸಿ ಬರಬೇಕು. ಅಂತಾಲ್ಯ ಕರಾವಳಿಯ ಅಂಥ ದೊಡ್ಡ ರೆಸಾರ್ಟುಗಳೇ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಅರ್ಧ ದರಕ್ಕೆ, ಒಮ್ಮೊಮ್ಮೆ ಅದಕ್ಕೂ ಕಡಿಮೆಗೆ ಸಿಗುತ್ತವೆ. ಕೊಠಡಿ, ಮೂರು ಹೊತ್ತಿನ ಊಟ, ನಡುನಡುವೆ ತಿಂಡಿ, ಪಾನೀಯ ಎಲ್ಲ ಅದರಲ್ಲೇ. ಟರ್ಕಿಯವರು ಇದಕ್ಕೆ ‘ಹೆರ್ ಶೆಯ್ ದಾಹಿಲ್’ ಅನ್ನುತ್ತಾರೆ, ಎಲ್ಲವೂ ಸೇರಿ ಎಂದರ್ಥ. ಆದರೆ ಚಳಿಗಾಲದ ‘ಎಲ್ಲ’ ಬೇಸಿಗೆಯದ್ದಕ್ಕಿಂತ ಬಹಳ ಚಿಕ್ಕದು. ನೀರಿನ ಜಾರುಬಂಡೆಗಳು ನಿಂತಿರುತ್ತವೆ, ಬೀಚ್ ಬಾರಿಗೆ ಬೀಗ ಬಿದ್ದಿರುತ್ತದೆ, ಹೊರಗಿನ ಕೊಳಗಳು ತಣ್ಣಗಿರುತ್ತವೆ ಅಥವಾ ಖಾಲಿ ಇರುತ್ತವೆ. ವೆಬ್‌ಸೈಟಿನಲ್ಲಿ ಮಾತ್ರ ಜುಲೈನ ಫೋಟೊಗಳೇ ಉಳಿದಿರುತ್ತವೆ. ಹಾಗಾಗಿ ಈ ಕಾಲದಲ್ಲಿ ಕಡಲನ್ನು ನೋಡಿ ಹೋಟೆಲ್ ಆರಿಸಬೇಡಿ, ಕಟ್ಟಡವನ್ನು ನೋಡಿ ಆರಿಸಿ. ದಿನದ ಬಹುಪಾಲು ಕಳೆಯುವುದು ಅದರೊಳಗೇ.

ಯಾವ ಕಡೆ ಹೋಗಬೇಕು

ಬೋದ್ರುಮ್, ಮರ್ಮರಿಸ್, ಓಲುದೆನಿಜ್ ಕಡೆಯ ಕಡಲತೀರದ ಹೋಟೆಲುಗಳು ಹೆಚ್ಚಾಗಿ ನವೆಂಬರ್‌ನಲ್ಲಿ ಬಾಗಿಲು ಹಾಕಿದರೆ ತೆರೆಯುವುದು ಏಪ್ರಿಲ್ ಹೊತ್ತಿಗೆ. ಚಳಿಗಾಲದಲ್ಲೂ ದೊಡ್ಡ ಪ್ರಮಾಣದಲ್ಲಿ ತೆರೆದಿರುವುದು ಅಂತಾಲ್ಯದ ಸುತ್ತಮುತ್ತ: ವಿಮಾನ ನಿಲ್ದಾಣದಿಂದ ಪೂರ್ವಕ್ಕೆ ಲಾರಾ ಮತ್ತು ಕುಂದು, ಮುಂದೆ ಬೆಲೆಕ್, ಸುಮಾರು 65 ಕಿಲೋಮೀಟರ್ ದೂರದಲ್ಲಿ ಸಿದೆ, 125 ಕಿಲೋಮೀಟರ್ ಆಸುಪಾಸಿನಲ್ಲಿ ಅಲಾನ್ಯ, ಪಶ್ಚಿಮಕ್ಕೆ ಕೆಮೆರ್.

ನಕ್ಷೆಯಲ್ಲಿ ಕೆಮೆರ್ ಚೆಂದ ಕಾಣುತ್ತದೆ. ಹಿಂದೆ ಬೆಟ್ಟ, ಮುಂದೆ ಕಡಲು. ಆದರೆ ಅಲ್ಲಿನ ತೀರ ಪೂರ್ವಕ್ಕೆ ಮುಖ ಮಾಡಿದೆ, ಬೆನ್ನಿಗೆ ಬೇಯ್ ಪರ್ವತಗಳಿವೆ. ಡಿಸೆಂಬರ್, ಜನವರಿಯಲ್ಲಿ ಸಂಜೆ ನಾಲ್ಕರ ಹೊತ್ತಿಗೆಲ್ಲ ಸೂರ್ಯ ಬೆಟ್ಟದ ಹಿಂದೆ ಸರಿದು ತೀರವಿಡೀ ನೆರಳಾಗುತ್ತದೆ, ಚಳಿ ಕೂಡಲೇ ಆವರಿಸುತ್ತದೆ. ಸಾಲದ್ದಕ್ಕೆ ಅಲ್ಲಿ ಮರಳಿಗಿಂತ ಬೆಣಚುಕಲ್ಲೇ ಜಾಸ್ತಿ. ಲಾರಾ, ಬೆಲೆಕ್, ಸಿದೆ ದಕ್ಷಿಣಕ್ಕೆ ತೆರೆದುಕೊಂಡಿರುವುದರಿಂದ ಸಂಜೆವರೆಗೂ ಬಿಸಿಲು ಸಿಗುತ್ತದೆ.

ಎರಡನೆಯದಾಗಿ, ಹೋಟೆಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಊರು ಇದೆಯೇ ನೋಡಿ. ಕುಂದು ಮತ್ತು ಬೆಲೆಕ್‌ನಲ್ಲಿ ಗೇಟು ದಾಟಿದರೆ ಇನ್ನೊಂದು ಹೋಟೆಲಿನ ಗೇಟು. ಬೇಸಿಗೆಗೆ ತೆರೆಯುವ ಅಂಗಡಿಸಾಲು ಚಳಿಗಾಲದಲ್ಲಿ ಶಟರ್ ಎಳೆದುಕೊಂಡಿರುತ್ತದೆ. ಅಲಾನ್ಯ ನಿಜವಾದ ಊರು. ಅಲ್ಲಿ ಸಂತೆ, ಬೇಕರಿ, ಚಹಾದಂಗಡಿಗಳು ವರ್ಷವಿಡೀ ನಡೆಯುತ್ತವೆ. ಸಿದೆಯಲ್ಲಿ ಹಳೆಯ ಊರಿನ ಸಮೀಪದ ಹೋಟೆಲ್ ಹಿಡಿದರೆ ಕಡಲ ದಂಡೆಯ ಕಾಲುದಾರಿಯಲ್ಲೇ ಅಪೊಲೊ ದೇವಾಲಯದ ಕಂಬಗಳವರೆಗೆ ನಡೆದುಹೋಗಬಹುದು. ಒಂದು ವಾರಕ್ಕಿಂತ ಹೆಚ್ಚು ದಿನ ಇರುವವರಿಗೆ ಅಲಾನ್ಯ ಅಥವಾ ಸಿದೆ, ನಾಲ್ಕೈದು ದಿನ ಸುಮ್ಮನೆ ಬಿದ್ದುಕೊಳ್ಳಬೇಕೆನ್ನುವವರಿಗೆ ಲಾರಾ ಅಥವಾ ಬೆಲೆಕ್ ಸರಿ.

ಯಾವ ವಾರ

ಅಂತಾಲ್ಯದಲ್ಲಿ ಮಳೆಗಾಲವೆಂದರೆ ಚಳಿಗಾಲವೇ. ಡಿಸೆಂಬರ್, ಜನವರಿಯಲ್ಲಿ ಒಂದೊಂದು ತಿಂಗಳಿಗೂ 200 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಜಿಟಿಜಿಟಿ ಹನಿಯಲ್ಲ, ಎರಡು ಮೂರು ದಿನ ಕಡಲ ಕಡೆಯಿಂದ ‘ಲೋದೊಸ್’ ಎಂಬ ದಕ್ಷಿಣದ ಗಾಳಿಯೊಂದಿಗೆ ಧೋ ಎಂದು ಸುರಿದು, ಆಮೇಲೆ ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗುತ್ತದೆ. ಹಗಲಲ್ಲಿ ಸುಮಾರು 15 ಡಿಗ್ರಿ, ರಾತ್ರಿ 6ರ ಆಸುಪಾಸು. ಗಾಳಿಯಿಲ್ಲದ ಮಧ್ಯಾಹ್ನ ಬಿಸಿಲಲ್ಲಿ ಕೂತರೆ ಟೀ ಶರ್ಟು ಸಾಕು, ಎದ್ದು ನೆರಳಿಗೆ ಹೋದರೆ ಜಾಕೆಟ್ ಬೇಕು. ಮೂರು ದಿನದ ಪ್ರವಾಸ ಪೂರಾ ಮಳೆಯಲ್ಲೇ ಕೊಚ್ಚಿಹೋಗಬಹುದು. ಏಳು ದಿನವಾದರೆ ಬಿಸಿಲೂ ಸಿಗುವ ಸಾಧ್ಯತೆ ಹೆಚ್ಚು, ಆದ್ದರಿಂದ ವಾರಕ್ಕಿಂತ ಕಡಿಮೆ ಬುಕ್ ಮಾಡುವುದು ಜೂಜು.

ಕಡಲಿಗೆ ಇಳಿಯಲೇಬೇಕೆಂದರೆ ನವೆಂಬರ್ ಮೊದಲ ಹದಿನೈದು ದಿನ ನೋಡಿ. ನೀರು 21–22 ಡಿಗ್ರಿ ಇರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ 17ರ ಆಸುಪಾಸು. ಬಿಸಿಲು ಚೆನ್ನಾಗಿದ್ದರೂ ಮಾರ್ಚ್‌ನಲ್ಲಿ ನೀರು ಬೆಚ್ಚಗಿರುವುದಿಲ್ಲ, ಕಡಲು ಕಾಯುವುದು ನಿಧಾನ. ಚಳಿಗಾಲದಲ್ಲಿ ತೀರದಲ್ಲಿ ಜೀವರಕ್ಷಕರೂ ಇರುವುದಿಲ್ಲ. ಲೋದೊಸ್ ಬೀಸಿದ ದಿನ ಮೊಣಕಾಲುದ್ದ ನೀರಿಗೂ ಇಳಿಯಬೇಡಿ.

ದರ ತೀರಾ ಇಳಿಯುವುದು ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ, ಮತ್ತೆ ಹೊಸ ವರ್ಷದ ಗದ್ದಲ ಮುಗಿದ ಮೇಲೆ ಜನವರಿ ಎರಡನೇ ವಾರದಲ್ಲಿ. ಡಿಸೆಂಬರ್ 31ರ ಸುತ್ತಮುತ್ತ ದರ ಏಕಾಏಕಿ ಏರುತ್ತದೆ, ಆ ರಾತ್ರಿಯ ಗಾಲಾ ಊಟಕ್ಕೆ ಹಲವೆಡೆ ಕಡ್ಡಾಯವಾಗಿ ಬೇರೆ ಹಣ ಕಟ್ಟಬೇಕು. ಜನವರಿ ಕೊನೆಗೆ ಟರ್ಕಿಯ ಶಾಲೆಗಳಿಗೆ ಎರಡು ವಾರ ಅರ್ಧವಾರ್ಷಿಕ ರಜೆ. ಆಗ ಇಸ್ತಾಂಬುಲ್, ಅಂಕಾರಾ ಕುಟುಂಬಗಳು ಬಂದು ತುಂಬಿಕೊಳ್ಳುತ್ತವೆ. ಮಕ್ಕಳಿರುವವರಿಗೆ ಇದೇ ಅನುಕೂಲ, ಯಾಕೆಂದರೆ ಮಕ್ಕಳ ಕ್ಲಬ್ಬು, ಸಂಜೆಯ ಆಟೋಟಗಳೆಲ್ಲ ಆ ಎರಡು ವಾರ ಜೀವ ಪಡೆಯುತ್ತವೆ. ಬೆಲೆಕ್‌ನ ಲೆಕ್ಕ ಬೇರೆ: ಗಾಲ್ಫ್ ಆಡುವವರಿಗೆ ಚಳಿಗಾಲದ ಎರಡು ತುದಿಗಳೇ ಸುಗ್ಗಿ, ನವೆಂಬರ್ ಮತ್ತು ಮಾರ್ಚ್‌ನಲ್ಲಿ ಅಲ್ಲಿ ಅಗ್ಗ ಹುಡುಕಬೇಡಿ. ಜನವರಿಯಲ್ಲಿ ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳು ತರಬೇತಿ ಶಿಬಿರಕ್ಕೆ ಬಂದಿಳಿಯುತ್ತವೆ. ಶಿಬಿರವಿರುವ ಹೋಟೆಲಿನಲ್ಲಿ ಜಿಮ್ಮು, ಸೌನಾ, ಊಟದ ಹಾಲಿನ ಒಂದು ಭಾಗ ತಂಡಗಳ ಪಾಲಾಗಬಹುದು.

2026ರಲ್ಲಿ ರಂಜಾನ್ ಶುರುವಾದದ್ದು ಫೆಬ್ರುವರಿ ಮೂರನೇ ವಾರದಲ್ಲಿ. ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ರೆಸಾರ್ಟಿನೊಳಗೆ ಊಟಕ್ಕೂ ಬಾರಿಗೂ ತೊಂದರೆಯಿಲ್ಲ.

ಹಣ ಕಟ್ಟುವ ಮೊದಲು ಕೇಳಬೇಕಾದ್ದು

ಹೋಟೆಲಿಗೆ ನೇರವಾಗಿ ಇಮೇಲ್ ಹಾಕಿ, ನಿಮ್ಮ ದಿನಾಂಕಗಳನ್ನು ಬರೆದು, ಆ ದಿನಾಂಕಗಳಿಗೆ ಅನ್ವಯಿಸುವ ಚಳಿಗಾಲದ ಫ್ಯಾಕ್ಟ್‌ಶೀಟ್ (ಸೌಲಭ್ಯಗಳ ಪಟ್ಟಿ) ಕಳಿಸಿ ಎಂದು ಕೇಳಿ. ಒಂದೇ ಹೋಟೆಲಿಗೆ ಬೇಸಿಗೆಯದ್ದು ಬೇರೆ, ಚಳಿಗಾಲದ್ದು ಬೇರೆ ಪಟ್ಟಿ ಇರುತ್ತದೆ. ಬುಕಿಂಗ್ ತಾಣಗಳಲ್ಲಿ ಹೆಚ್ಚಾಗಿ ಕಾಣುವುದು ಬೇಸಿಗೆಯದ್ದು. ಪ್ರಶ್ನೆಗಳಿಗೆ ಉತ್ತರ ಅಂಕಿಯಲ್ಲಿ ಬರುವ ಹಾಗೆ ಕೇಳುವುದೇ ಇಲ್ಲಿನ ಜಾಣತನ. ‘ಕೊಳ ಬೆಚ್ಚಗಿದೆಯೇ’ ಎಂದರೆ ‘ಹೌದು’ ಎಂದು ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ‘ಒಳಾಂಗಣ ಕೊಳ ಎಷ್ಟು ಡಿಗ್ರಿ, ಎಷ್ಟು ಮೀಟರ್ ಉದ್ದ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ’ ಎಂದು ಕೇಳಿ. 28 ಡಿಗ್ರಿ ಇದ್ದರೆ ದೊಡ್ಡವರಿಗೆ ಹಿತ. 26ಕ್ಕಿಂತ ಕೆಳಗಿದ್ದರೆ ಹತ್ತು ನಿಮಿಷದಲ್ಲಿ ಮಕ್ಕಳ ತುಟಿ ನೀಲಿಯಾಗುತ್ತದೆ. ಚಿಕ್ಕಮಕ್ಕಳ ಕೊಳ ಪ್ರತ್ಯೇಕವಾಗಿದ್ದು 30ಕ್ಕೂ ಮೇಲಿದ್ದರೆ ಒಳ್ಳೆಯದು. ಹೊರಗಿನ ಕೊಳಗಳಲ್ಲಿ ಯಾವುದನ್ನಾದರೂ ಕಾಯಿಸುತ್ತಾರೆಯೇ, ನಿಮ್ಮ ದಿನಾಂಕಗಳಲ್ಲೂ ಕಾಯಿಸುತ್ತಾರೆಯೇ ಎಂಬುದನ್ನು ಬೇರೆಯಾಗಿ ಕೇಳಬೇಕು. ಬಿಸಿಲಿನಲ್ಲಿ ಬೆಚ್ಚಗಿನ ಹೊರಕೊಳ ಸಿಕ್ಕರೆ ಇಡೀ ರಜೆಯ ರುಚಿಯೇ ಬದಲಾಗುತ್ತದೆ. ಅದಕ್ಕಾಗಿ ರಾತ್ರಿಗೆ ಇನ್ನಷ್ಟು ಕೊಡುವುದು ದುಂದಲ್ಲ.

ಮುಂದಿನ ಪ್ರಶ್ನೆ ದುರಸ್ತಿಯದ್ದು. ಟರ್ಕಿಯ ಹಲವು ಪ್ರವಾಸಿ ಊರುಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಕಟ್ಟಡ ಕೆಲಸಕ್ಕೆ ನಿಷೇಧವಿರುತ್ತದೆ. ಹಾಗಾಗಿ ಒಡೆಯುವುದು, ಕೊರೆಯುವುದು, ಕಟ್ಟುವುದು ಎಲ್ಲ ಚಳಿಗಾಲಕ್ಕೇ ಬಂದು ಬೀಳುತ್ತದೆ. ನಿಮ್ಮ ಹೋಟೆಲಿನಲ್ಲಿ ಇಲ್ಲದಿದ್ದರೂ ಪಕ್ಕದಲ್ಲಿ ನಡೆಯುತ್ತಿರಬಹುದು. ಟರ್ಕಿ ಭಾಷೆಯಲ್ಲಿ ‘ತಾದಿಲಾತ್’ ಎಂದರೆ ನವೀಕರಣ. ಇಮೇಲ್‌ನಲ್ಲಿ ಈ ಪದವನ್ನೇ ಬಳಸಿ, ‘ನಿಮ್ಮಲ್ಲಿ ಅಥವಾ ಅಕ್ಕಪಕ್ಕದಲ್ಲಿ’ ಎಂದೂ ಸೇರಿಸಿ. ಬಂದ ಉತ್ತರವನ್ನು ಅಳಿಸಬೇಡಿ. ಮುಂದೆ ಕೊಠಡಿ ಬದಲಿಸಿಕೊಳ್ಳಲೋ ಹಣ ವಾಪಸು ಕೇಳಲೋ ಅದೇ ದಾಖಲೆ.

ಅತಿಥಿಗಳು ತೀರಾ ಕಡಿಮೆಯಾದರೆ ಕೆಲವು ಹೋಟೆಲುಗಳು ಎರಡು ಕೆಲಸ ಮಾಡುತ್ತವೆ: ಬಫೆ ನಿಲ್ಲಿಸಿ ಗೊತ್ತುಪಡಿಸಿದ ಊಟವನ್ನೇ ಬಡಿಸುತ್ತವೆ, ಇಲ್ಲವೇ ಎಲ್ಲರನ್ನೂ ತಮ್ಮದೇ ಗುಂಪಿನ ಬೇರೆ ಹೋಟೆಲಿಗೆ ಸಾಗಿಸುತ್ತವೆ. ಎರಡರ ಬಗ್ಗೆಯೂ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ಮೆನು ನೋಡಿ ಬೇಕಾದ್ದು ತರಿಸಿಕೊಳ್ಳುವ ಅ ಲಾ ಕಾರ್ಟ್ ರೆಸ್ಟೋರೆಂಟುಗಳು ಆರು ಇದ್ದರೂ ಚಳಿಗಾಲದಲ್ಲಿ ಒಂದೋ ಎರಡೋ, ಅದೂ ವಾರಕ್ಕೆ ಕೆಲವೇ ದಿನ ತೆರೆದಿರಬಹುದು. ವಿಮರ್ಶೆಗಳನ್ನು ಓದುವಾಗ ಒಟ್ಟು ಅಂಕ ನೋಡಬೇಡಿ. ಹಿಂದಿನ ಜನವರಿ, ಫೆಬ್ರುವರಿಯಲ್ಲಿ ಉಳಿದವರು ಹಾಕಿದ ಫೋಟೊಗಳನ್ನಷ್ಟೇ ಹುಡುಕಿ, ಅದರಲ್ಲೂ ಬಫೆ ಮತ್ತು ಒಳಕೊಳದ ಚಿತ್ರಗಳನ್ನು. ಕೊಳದ ಗಾಜಿನ ಗೋಡೆಯಲ್ಲಿ ನೀರಿನ ಹನಿ ಇಳಿಯುತ್ತಿದ್ದು ಎಲ್ಲರೂ ನೀರಲ್ಲಿ ಹಾಯಾಗಿದ್ದರೆ ಕೊಳ ಬೆಚ್ಚಗಿದೆ ಎಂದೇ ಲೆಕ್ಕ.

ಕೊಠಡಿಯ ಬಿಸಿ

ಹೆಚ್ಚಿನ ದೂರು ಬರುವುದು ಇಲ್ಲೇ, ಹೆಚ್ಚಿನವಕ್ಕೆ ಕಾರಣ ಕೊಳವೆಯಲ್ಲಿದೆ. ಈ ಹೋಟೆಲುಗಳ ಕೊಠಡಿಗಳಲ್ಲಿರುವುದು ಹೆಚ್ಚಾಗಿ ಫ್ಯಾನ್‌ಕಾಯಿಲ್ ವ್ಯವಸ್ಥೆ. ಕಟ್ಟಡದ ಕೆಳಗಿನ ಯಂತ್ರದಿಂದ ಒಂದು ಕೊಳವೆಯಲ್ಲಿ ನೀರು ಬರುತ್ತದೆ, ಇನ್ನೊಂದರಲ್ಲಿ ಹಿಂದಿರುಗುತ್ತದೆ. ಕೊಠಡಿಯ ಫ್ಯಾನು ಆ ನೀರಿನ ಸುರುಳಿಯ ಮೇಲೆ ಗಾಳಿ ಊದುತ್ತದೆ. ಬೇಸಿಗೆಯಲ್ಲಿ ಅದೇ ಕೊಳವೆಯಲ್ಲಿ ತಣ್ಣೀರು, ಚಳಿಗಾಲದಲ್ಲಿ ಬಿಸಿನೀರು. ಎರಡೂ ಒಟ್ಟಿಗೆ ಬರಲು ಸಾಧ್ಯವಿಲ್ಲ. ತಣ್ಣೀರಿನಿಂದ ಬಿಸಿನೀರಿಗೆ ಯಾವತ್ತು ತಿರುಗಿಸಬೇಕೆಂದು ಹೋಟೆಲಿನವರು ತೀರ್ಮಾನಿಸುತ್ತಾರೆ. ನವೆಂಬರ್ ಮೊದಲಲ್ಲಿ ಮತ್ತು ಮಾರ್ಚ್‌ನಲ್ಲಿ ನೀವು ಗೋಡೆಯ ಥರ್ಮೋಸ್ಟಾಟನ್ನು 28ಕ್ಕೆ ಇಟ್ಟು ಕಾದರೂ ತಣ್ಣನೆ ಗಾಳಿಯೇ ಬರುವುದು ಇದಕ್ಕೆ. ಗುಂಡಿ ಒತ್ತಿ ಪ್ರಯೋಜನವಿಲ್ಲ. ರಿಸೆಪ್ಷನ್‌ಗೆ ಹೋಗಿ ಚಲಿಸುವ ಹೀಟರ್ ಕೇಳಿ, ಅಥವಾ ಪ್ರತ್ಯೇಕ ಸ್ಪ್ಲಿಟ್ ಏಸಿ ಇರುವ ಕೊಠಡಿ ಇದೆಯೇ ವಿಚಾರಿಸಿ. ಸ್ಪ್ಲಿಟ್ ಯಂತ್ರ ಯಾವ ತಿಂಗಳಲ್ಲೂ ಬಿಸಿಗಾಳಿ ಕೊಡುತ್ತದೆ.

ಇನ್ನೊಂದು ಸಣ್ಣ ಸಂಗತಿ. ಥರ್ಮೋಸ್ಟಾಟಿನಲ್ಲಿ ದೀಪ ಉರಿಯುತ್ತಿರುತ್ತದೆ, ಅಂಕಿ ಕಾಣುತ್ತದೆ, ಫ್ಯಾನು ಮಾತ್ರ ತಿರುಗುವುದಿಲ್ಲ. ಕೆಟ್ಟಿದೆ ಎಂದುಕೊಳ್ಳುವ ಮೊದಲು ಬಾಲ್ಕನಿ ಬಾಗಿಲಿನ ಹತ್ತಿರ ಹೋಗಿ. ಚೌಕಟ್ಟಿನ ಮೇಲ್ಭಾಗದಲ್ಲಿ ಬೆರಳುದ್ದದ ಎರಡು ಬಿಳಿ ತುಂಡುಗಳು ಎದುರುಬದುರಾಗಿರುತ್ತವೆ, ಒಂದು ಬಾಗಿಲಿಗೆ, ಒಂದು ಚೌಕಟ್ಟಿಗೆ. ಅದು ಅಯಸ್ಕಾಂತದ ಸೆನ್ಸರ್. ಬಾಗಿಲು ಕೂದಲೆಳೆಯಷ್ಟು ತೆರೆದಿದ್ದರೂ ಬಿಸಿ ನಿಲ್ಲುತ್ತದೆ. ಬಾಗಿಲನ್ನು ಒತ್ತಿ ಹಿಡಿದು ಹಿಡಿಕೆಯನ್ನು ಪೂರ್ತಿ ಕೆಳಗಿಳಿಸಿ. ಒಂದೆರಡು ನಿಮಿಷದಲ್ಲಿ ಫ್ಯಾನಿನ ಸದ್ದು ಬರುತ್ತದೆ. ಒದ್ದೆ ಬಟ್ಟೆ ಒಣಹಾಕಲು ಬಾಗಿಲು ಸ್ವಲ್ಪ ತೆರೆದಿಟ್ಟು ಮಲಗಿದವರು ನಡುರಾತ್ರಿ ನಡುಗುವುದೂ ಹೀಗೇ. ಬಾಗಿಲ ಪಕ್ಕದ ಪೆಟ್ಟಿಗೆಯಿಂದ ಕೀಕಾರ್ಡ್ ತೆಗೆದರೂ ಬಿಸಿ ನಿಲ್ಲುತ್ತದೆ. ಎರಡು ಕಾರ್ಡ್ ಕೊಟ್ಟಿದ್ದರೆ ಊಟಕ್ಕೆ ಹೋಗುವಾಗ ಒಂದನ್ನು ಅಲ್ಲೇ ಬಿಡಿ, ಹಿಂದಿರುಗುವಾಗ ಕೊಠಡಿ ಬೆಚ್ಚಗಿರುತ್ತದೆ.

ಕೊಠಡಿ ಕೊಡುವಾಗ ಮುಖ್ಯ ಕಟ್ಟಡದಲ್ಲಿ, ದಕ್ಷಿಣಕ್ಕೆ ಬಾಲ್ಕನಿ ಇರುವುದನ್ನು, ನಡು ಅಂತಸ್ತಿನಲ್ಲಿ, ಕಾರಿಡಾರಿನ ನಡುವೆ ಇರುವುದನ್ನು ಕೇಳಿ. ತೋಟದ ಬಂಗಲೆಗಳು ಬೇಸಿಗೆಗೆ ಚೆಂದ; ಜನವರಿಯಲ್ಲಿ ಊಟಕ್ಕೆ ಹೋಗಲು ಮಳೆಯಲ್ಲಿ 300 ಮೀಟರ್ ನಡೆಯಬೇಕಾಗುತ್ತದೆ. ಕಾರಿಡಾರಿನ ತುದಿಯ ಕೊಠಡಿಗೆ ಎರಡು ಹೊರಗೋಡೆ, ಪಕ್ಕದ ಬ್ಲಾಕ್ ಮುಚ್ಚಿದ್ದರಂತೂ ಗೋಡೆ ಐಸಿನಂತೆ. ಅಲಾನ್ಯದ ಸಣ್ಣ ಹೋಟೆಲುಗಳಲ್ಲಿ ಸ್ನಾನದ ನೀರು ಚಾವಣಿಯ ಸೌರಫಲಕದಿಂದ ಬರುವುದುಂಟು. ಮೋಡದ ದಿನಗಳಲ್ಲಿ ಸಂಜೆಗೆ ಅದು ಉಗುರುಬೆಚ್ಚಗೂ ಇರುವುದಿಲ್ಲ, ಬಾಯ್ಲರ್ ಇದೆಯೇ ಕೇಳಿಕೊಳ್ಳಿ.

ತಟ್ಟೆ, ಲೋಟ

ಬೆಳಗಿನ ತಿಂಡಿಯಲ್ಲಿ ಬಿಳಿ ಚೀಸ್, ಆಲಿವ್, ಜೇನು–ಕಾಯ್ಮಾಕ್ (ದಪ್ಪ ಕೆನೆ), ಮೊಟ್ಟೆ–ಟೊಮ್ಯಾಟೊದ ಮೆನೆಮೆನ್, ಹೂರಣ ತುಂಬಿ ಕಾವಲಿಯ ಮೇಲೆ ಬೇಯಿಸುವ ಗೊಜ್ಲೆಮೆ ರೊಟ್ಟಿ ಇರುತ್ತವೆ. ಚಳಿಗಾಲ ಕಿತ್ತಳೆ, ದಾಳಿಂಬೆಯ ಕಾಲ. ಆದರೂ ಸಾಮಾನ್ಯ ಆಲ್ ಇನ್‌ಕ್ಲೂಸಿವ್‌ನಲ್ಲಿ ಎದುರಿಗೇ ಹಿಂಡಿಕೊಡುವ ರಸಕ್ಕೆ ಹಲವೆಡೆ ಬೇರೆ ದುಡ್ಡು, ವಿದೇಶಿ ಮದ್ಯಕ್ಕೂ ಹಾಗೆಯೇ. ‘ಅಲ್ಟ್ರಾ ಆಲ್ ಇನ್‌ಕ್ಲೂಸಿವ್’ ಎಂದಿದ್ದರೆ ಇವೂ ಸೇರಿರುವುದು ಹೆಚ್ಚು.

ಮಾಂಸ ತಿನ್ನದವರು ಬಫೆಯಲ್ಲಿ ಬಿಸಿ ಪದಾರ್ಥಗಳ ಸಾಲಿಗಿಂತ ತಣ್ಣನೆಯ ‘ಜೆಯ್ತಿನ್ಯಾಲಿ’ ಸಾಲಿಗೆ ಹೋಗಬೇಕು. ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಹುರುಳಿಕಾಯಿ, ಆರ್ಟಿಚೋಕ್, ಚಳಿಗಾಲದ ಲೀಕ್, ದ್ರಾಕ್ಷಿಎಲೆಯಲ್ಲಿ ಸುತ್ತಿದ ಅನ್ನ ಅಲ್ಲಿರುತ್ತವೆ. ಅದೇ ದ್ರಾಕ್ಷಿಎಲೆಯ ಮುಂದೆ ‘ಎತ್ಲಿ’ ಎಂಬ ಚೀಟಿಯಿದ್ದರೆ ಒಳಗೆ ಮಾಂಸವಿದೆ. ಬದನೆಕಾಯಿಯಲ್ಲೂ ಎಚ್ಚರ ಬೇಕು. ‘ಇಮಾಮ್ ಬಾಯಿಲ್ದಿ’ ಮತ್ತು ‘ಕಾರ್ನಿಯಾರಿಕ್’ ನೋಡಲು ಅಣ್ಣತಮ್ಮಂದಿರಂತೆ, ಮೊದಲನೆಯದರಲ್ಲಿ ಈರುಳ್ಳಿ–ಟೊಮ್ಯಾಟೊ, ಎರಡನೆಯದರಲ್ಲಿ ಕೊಚ್ಚಿದ ಮಾಂಸ. ಬೇಳೆಯ ಸೂಪು (ಮೆರ್ಜಿಮೆಕ್), ಪಿಲಾವ್ ನೋಡಲು ನಿರುಪದ್ರವಿ. ಆದರೆ ಬೇಯಿಸಿದ್ದು ಮಾಂಸದ ಅಥವಾ ಕೋಳಿಯ ರಸದಲ್ಲಾಗಿರಬಹುದು. ‘ಎತ್ ಸುಯು ವಾರ್ ಮಿ?’ ಎಂದು ಕೇಳಿ, ಮಾಂಸದ ರಸ ಹಾಕಿದ್ದೀರಾ ಎಂದರ್ಥ. ಬಡಿಸುವವರಿಗೆ ಗೊತ್ತಿಲ್ಲದಿದ್ದರೆ ಶೆಫ್‌ನನ್ನೇ ಕರೆಸುತ್ತಾರೆ. ಜನ ಕಡಿಮೆಯಿರುವ ಕಾಲದ ಲಾಭ ಇದು. ಮೊದಲ ದಿನವೇ ಹೇಳಿಟ್ಟರೆ ಬೇರೆಯಾಗಿ ಏನಾದರೂ ಮಾಡಿಕೊಡುವುದೂ ಉಂಟು.

ಹಮಾಮ್ (ಟರ್ಕಿಯ ಸ್ನಾನಗೃಹ), ಸೌನಾ, ಹಬೆಕೋಣೆ ಸಾಮಾನ್ಯವಾಗಿ ದರದಲ್ಲಿ ಸೇರಿರುತ್ತವೆ. ಒರಟು ಕೈಗವಸು ಹಾಕಿ ಮೈ ಉಜ್ಜುವ ‘ಕೆಸೆ’, ನೊರೆಯ ‘ಕೊಪುಕ್’, ಮಸಾಜ್ ಇವಕ್ಕೆ ಹಣ ಬೇರೆ. ಮೊದಲ ದಿನ ಲಾಬಿಯಲ್ಲೇ ನಿಮ್ಮನ್ನು ಹಿಡಿದು ವಾರದ ಪ್ಯಾಕೇಜ್ ಮಾರಲು ನೋಡುತ್ತಾರೆ. ಅವಸರ ಬೇಡ. ಮೂರನೇ ದಿನಕ್ಕೆ ಚೌಕಾಸಿ ಸುಲಭ.

ಗೇಟು ದಾಟಿದ ಮೇಲೆ

2016ರಿಂದ ಟರ್ಕಿ ವರ್ಷವಿಡೀ ಒಂದೇ ಸಮಯ ಪಾಲಿಸುತ್ತಿದೆ. ಹಾಗಾಗಿ ಡಿಸೆಂಬರ್ ಕೊನೆಯಲ್ಲಿ ಅಂತಾಲ್ಯದಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟರ ಹೊತ್ತಿಗೆ, ಮುಳುಗುವುದು ಆರಕ್ಕೆ ಸ್ವಲ್ಪ ಮುಂಚೆ. ಐತಿಹಾಸಿಕ ಸ್ಥಳಗಳೂ ಚಳಿಗಾಲದಲ್ಲಿ ಬೇಗ ಮುಚ್ಚುತ್ತವೆ, ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಕತ್ತಲಲ್ಲಿ ಹಿಂದಿರುಗಬೇಕಾಗುತ್ತದೆ. ಬಿಸಿಲಿನ ದಿನ ಸಿಕ್ಕರೆ ಆಸ್ಪೆಂದೊಸ್‌ಗೆ ಹೋಗಿ. ಕ್ರಿಸ್ತಶಕ 2ನೇ ಶತಮಾನದಲ್ಲಿ ಜೆನೊನ್ ಎಂಬ ವಾಸ್ತುಶಿಲ್ಪಿ ಕಟ್ಟಿದ ರಂಗಮಂದಿರ ಇವತ್ತಿಗೂ ಗೋಡೆ ಸಮೇತ ನಿಂತಿದೆ. ಬೇಸಿಗೆಯಲ್ಲಿ ಆ ಕಲ್ಲಿನ ಮೆಟ್ಟಿಲುಗಳ ಮೇಲೆ ಕೂರಲಾಗುವುದಿಲ್ಲ, ಜನವರಿಯಲ್ಲಿ ಒಂದು ಗಂಟೆ ಆರಾಮಾಗಿ ಕೂರಬಹುದು. ಬೆಟ್ಟದ ಮೇಲಿನ ಪ್ರಾಚೀನ ನಗರ ತೆರ್ಮೆಸೊಸ್‌ಗೆ ಮಳೆಯ ಮರುದಿನ ಹೋಗಬೇಡಿ, ಕಲ್ಲು ಜಾರುತ್ತದೆ. ಕೆಮೆರ್ ಕಡೆ ತಾಹ್ತಾಲಿ ಬೆಟ್ಟಕ್ಕೆ ಕೇಬಲ್ ಕಾರ್ ಇದೆ, 2365 ಮೀಟರ್ ಎತ್ತರ. ಕೆಳಗೆ ಕಿತ್ತಳೆ ತೋಟ, ಮೇಲೆ ಹಿಮ. ಗಾಳಿ ಜೋರಾದರೆ ನಿಲ್ಲಿಸುತ್ತಾರೆ, ಹೊರಡುವ ಬೆಳಿಗ್ಗೆಯೇ ಫೋನ್ ಮಾಡಿ ಕೇಳಿ.

ಸುತ್ತಲಿನ ಊರಿಗೆ ಹೋಗಲು ದೊಲ್ಮುಷ್ ಎಂಬ ಮಿನಿಬಸ್ಸೇ ಸಾಕು. ಚಳಿಗಾಲದಲ್ಲಿ ಅದರ ಓಡಾಟ ಕಡಿಮೆ, ಇಳಿಯುವಾಗಲೇ ಕೊನೆಯ ಗಾಡಿ ಎಷ್ಟಕ್ಕೆ ಎಂದು ಚಾಲಕನನ್ನು ಕೇಳಿಕೊಳ್ಳಿ. ಲಾಬಿಯಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಮಾರುವ ದಿನದ ಟೂರುಗಳಲ್ಲಿ ಅರ್ಧ ದಿನ ಚರ್ಮದ ಅಂಗಡಿ, ಆಭರಣದಂಗಡಿಗಳಲ್ಲೇ ಕಳೆಯುತ್ತದೆ. ಟೂರಿನ ಖರ್ಚು ಹುಟ್ಟುವುದೇ ಅಲ್ಲಿನ ಕಮಿಷನ್ನಿನಿಂದ.

ಟರ್ಕಿಯ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಜಿಲ್ಲಾವಾರು ಕೊಡುತ್ತದೆ. ಕಿತ್ತಳೆ ಬಂದರೆ ಆ ದಿನದ ಸುತ್ತಾಟ ಬಿಡಿ. 2019ರ ಜನವರಿಯಲ್ಲಿ ಅಂತಾಲ್ಯ ವಿಮಾನ ನಿಲ್ದಾಣದಲ್ಲಿ ಸುಂಟರಗಾಳಿ ಬಸ್ಸುಗಳನ್ನೇ ಉರುಳಿಸಿತ್ತು, 2024ರ ಫೆಬ್ರುವರಿಯಲ್ಲಿ ನಗರದ ಅಂಡರ್‌ಪಾಸುಗಳು ಮುಳುಗಿದ್ದವು. ತುರ್ತು ಕರೆಗೆ ಎಲ್ಲದಕ್ಕೂ ಒಂದೇ ಸಂಖ್ಯೆ, 112.

ಕಾಗದ, ಹಣ, ಫೋನು, ಪೆಟ್ಟಿಗೆ

ಭಾರತದ ಪಾಸ್‌ಪೋರ್ಟಿನವರಿಗೆ ಟರ್ಕಿಯ ಇ-ವೀಸಾ ಸಿಗುವುದು ಚಾಲ್ತಿಯಲ್ಲಿರುವ ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ವೀಸಾ ಇಲ್ಲವೇ ನಿವಾಸ ಪರವಾನಗಿ ಇದ್ದರೆ ಮಾತ್ರ. ಇಲ್ಲದಿದ್ದರೆ ಸ್ಟಿಕರ್ ವೀಸಾಕ್ಕೆ ಮೊದಲೇ ಅರ್ಜಿ ಹಾಕಬೇಕು. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಮೇಲೆ ಶುಲ್ಕ ಹೇರುತ್ತವೆ, ವಿಳಾಸದ ಕೊನೆ .gov.tr ಎಂದಿದೆಯೇ ನೋಡಿಕೊಳ್ಳಿ.

ಕಾರ್ಡ್ ಯಂತ್ರ ‘ಲಿರಾದಲ್ಲೋ ನಿಮ್ಮ ಹಣದಲ್ಲೋ’ ಎಂದು ಕೇಳಿದರೆ ಲಿರಾ ಒತ್ತಿ. ಇಸಿಮ್ (ಕಾರ್ಡಿಲ್ಲದ ಡಿಜಿಟಲ್ ಸಿಮ್) ಬಳಸುವುದಾದರೆ ಹೊರಡುವ ಮೊದಲೇ ಕೊಂಡು ಫೋನಿಗೆ ಹಾಕಿಟ್ಟುಕೊಳ್ಳಿ. 2025ರ ಜುಲೈನಲ್ಲಿ ಟರ್ಕಿಯ ದೂರಸಂಪರ್ಕ ಪ್ರಾಧಿಕಾರ ಹಲವು ವಿದೇಶಿ ಇಸಿಮ್ ತಾಣಗಳನ್ನು ತಡೆಹಿಡಿಯಿತು, ಅಲ್ಲಿ ಇಳಿದ ಮೇಲೆ ಕೊಳ್ಳಲು ಹೋದರೆ ಪುಟವೇ ತೆರೆಯದಿರಬಹುದು. ಅಂಥದ್ದೇ ಇನ್ನೊಂದು: ಟರ್ಕಿಯೊಳಗಿದ್ದು ಬುಕಿಂಗ್ ಡಾಟ್ ಕಾಮ್‌ನಲ್ಲಿ ಟರ್ಕಿಯ ಹೋಟೆಲ್ ಕಾಯ್ದಿರಿಸಲು 2017ರ ಕೋರ್ಟ್ ಆದೇಶದಿಂದ ಆಗುವುದಿಲ್ಲ. ಹೋಟೆಲ್ ಸರಿಬರದೆ ಬದಲಿಸಬೇಕಾದರೆ ಬೇರೆ ದಾರಿ ಬೇಕು, ಒಂದೆರಡು ಹೋಟೆಲುಗಳ ನೇರ ಸಂಖ್ಯೆ ಬರೆದಿಟ್ಟುಕೊಂಡಿರಿ.

ಪೆಟ್ಟಿಗೆಗೆ: ಮಳೆ ತಡೆಯುವ ಜಾಕೆಟ್, ಬೆಚ್ಚಗಿನ ರಾತ್ರಿ ಉಡುಪು, ತಲೆಗೊಂದರಂತೆ ಈಜುಟೋಪಿ (ಕೆಲವು ಒಳಕೊಳಗಳಲ್ಲಿ ಕಡ್ಡಾಯ), ಒದ್ದೆ ಅಮೃತಶಿಲೆಯ ಮೇಲೆ ಜಾರದ ಚಪ್ಪಲಿ. ಈಜುಡುಪು ಎರಡು ಜೊತೆ ಬೇಕೇಬೇಕು, ತೇವದ ಗಾಳಿಯಲ್ಲಿ ಒಂದು ರಾತ್ರಿಗೆ ಒಣಗುವುದಿಲ್ಲ. ಪ್ಲಗ್ ಎರಡು ದುಂಡು ಕಡ್ಡಿಯ ಯುರೋಪಿನ ಮಾದರಿ, 230 ವೋಲ್ಟ್.

ಕೊನೆಯ ದಿನ ಕೊಠಡಿ ಬಿಡುವುದು ಮಧ್ಯಾಹ್ನ 12ಕ್ಕೆ, ವಿಮಾನ ರಾತ್ರಿಗೆ ಇರಬಹುದು. ಬೇಸಿಗೆಯಲ್ಲಾದರೆ ಹೆಚ್ಚುವರಿ ಗಂಟೆಗೆ ದುಬಾರಿ ಹಣ. ಚಳಿಗಾಲದಲ್ಲಿ ಕೊಠಡಿಗಳು ಖಾಲಿ ಬಿದ್ದಿರುವುದರಿಂದ ಹಿಂದಿನ ಸಂಜೆಯೇ ರಿಸೆಪ್ಷನ್‌ನಲ್ಲಿ ಕೇಳಿದರೆ ನಾಲ್ಕು ಗಂಟೆವರೆಗೆ ಬಿಟ್ಟುಕೊಡುವುದುಂಟು. ಆಗದೆಂದರೆ ಪೆಟ್ಟಿಗೆಯನ್ನು ಸಾಮಾನು ಕೋಣೆಯಲ್ಲಿಟ್ಟು, ಸ್ಪಾದ ಸ್ನಾನಗೃಹ ಬಳಸಬಹುದೇ ಕೇಳಿ, ಊಟ, ಪಾನೀಯಕ್ಕೆ ಗುರುತಾಗಿ ಹೋಟೆಲಿನವರು ಕಟ್ಟಿದ ಕೈಪಟ್ಟಿಯನ್ನು ಟ್ಯಾಕ್ಸಿ ಬರುವವರೆಗೆ ಕತ್ತರಿಸಬೇಡಿ ಎಂದು ಹೇಳಿ.